ಕಾಂಡ್ಲಾ ಕಾಡಿನಲ್ಲಿ ಅತ್ತೆ ಹಕ್ಕಿ ಕಾದದ್ದು

ಹೊನ್ನಾವರಕ್ಕೆ ಹೋಗಬೇಕೆಂದು ಎರಡು ವರ್ಷದಿಂದ ಹವಣಿಸುತ್ತಿದ್ದವರು ನಮ್ಮ ಮನೆಯವರು. ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಗುಮಾಸ್ತರು. ವಾರವೆಲ್ಲ ಕಡತಗಳ ನಡುವೆ ಕುಳಿತ ಮನುಷ್ಯ ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಗಾಡಿ ಚಾಲೂ ಮಾಡುತ್ತಾರೆ. ಸುರಪುರ ದಾಟಿ ಬೋನಾಳ ಕೆರೆಯ ದಂಡೆಗೆ ಹೋಗಿ, ಬಿಸಿಲೇರುವವರೆಗೆ ಹಕ್ಕಿ ನೋಡಿ, ಕಂಡದ್ದನ್ನೆಲ್ಲ ಒಂದು ನೋಟಬುಕ್ಕಿನಲ್ಲಿ ಬರೆದುಕೊಂಡು ಬರುತ್ತಾರೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ತಿಂಗಳಿಗೊಂದು ಸಲ ಅವರ ಹಿಂದೆ ಕೂತು ಹೋಗುತ್ತಿದ್ದೆ. ಖರೆ ಹೇಳಬೇಕೆಂದರೆ ನನಗೆ ಹಕ್ಕಿಗಿಂತ ಬರುವಾಗ ಸುರಪುರದಲ್ಲಿ ನಿಂತು ತಿನ್ನುತ್ತಿದ್ದ ಮಿರ್ಚಿ ಭಜಿಯ ಮೇಲೆಯೇ ಹೆಚ್ಚು ಪ್ರೀತಿ.

ಶರಾವತಿ ನದಿ ಸಮುದ್ರ ಸೇರುವಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಗಿಡಗಳ ಕಾಡಿದೆ, ಅದಕ್ಕೆ ಅಲ್ಲಿಯವರು ಕಾಂಡ್ಲಾ ಅನ್ನುತ್ತಾರೆ, ಅದರೊಳಗೆ ಕರಿತಲೆಯ ಮಿಂಚುಳ್ಳಿ ಇರುತ್ತದೆ ಎಂದು ಅವರು ಎಲ್ಲೋ ಓದಿದ್ದರು. ನಮ್ಮ ಕಡೆ ಕಾಣುವ ಮಿಂಚುಳ್ಳಿಗಳನ್ನೆಲ್ಲ ಅವರು ನೋಡಿ ಮುಗಿಸಿದ್ದರು. ಇದೊಂದು ಮಾತ್ರ ಬಾಕಿ. ದಸರಾ ರಜೆಗೆಂದು ನದಿ ದಂಡೆಯ ಒಂದು ಮನೆಯಲ್ಲಿ ನಾಲ್ಕು ದಿನಕ್ಕೆ ಕೋಣೆ ಹಿಡಿದರು. ಮಗಳು ರಜೆ ಕಳೆಯಲು ರಾಮಸಮುದ್ರಕ್ಕೆ, ನನ್ನ ತವರಿಗೆ ಹೋದಳು. ಹೊರಡಲು ಎರಡು ದಿನವಿದೆ ಎನ್ನುವಾಗ ಕಚೇರಿಯಲ್ಲಿ ಏನೋ ತುರ್ತು ಕೆಲಸ ಬಂದು ಅವರ ರಜೆ ರದ್ದಾಯಿತು.

ಆ ಸಂಜೆ ಅವರು ಚಪ್ಪಲಿ ಬಿಡುತ್ತಲೇ ಹೇಳಿದರು, "ನೀ ಅವ್ವನ್ನ ಕರಕೊಂಡು ಹೋಗಿ ಬಾ."

"ಅತ್ತೀನ್ನ? ಹಕ್ಕಿ ನೋಡಾಕ?"

"ಯಾಕ, ಅಕಿಗೆ ಕಣ್ಣಿಲ್ಲೇನು?"

ಅತ್ತೆಗೆ ಆಗ ಎಪ್ಪತ್ತರ ಹತ್ತಿರ ಹತ್ತಿರ. ಶಹಾಪುರದ ಹತ್ತಿರದ ಸಗರದಲ್ಲಿ ಹುಟ್ಟಿ, ಸಗರದಲ್ಲೇ ಮದುವೆಯಾಗಿ, ಮೊಣಕಾಲು ಹಿಡಿದುಕೊಳ್ಳುವವರೆಗೂ ಮಂದಿಯ ಹೊಲದಲ್ಲಿ ದುಡಿದವರು. ಐದು ವರ್ಷದಿಂದ ನಮ್ಮ ಜೊತೆ ಶಹಾಪುರದಲ್ಲಿದ್ದರು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಅಡುಗೆಮನೆಯಲ್ಲಿ ಅವರು ಒಲೆಯ ಆ ಕಡೆ, ನಾನು ಈ ಕಡೆ. ಉಪ್ಪು, ಖಾರ, ಹಾಲಿನವನ ವಿಷಯ ಬಿಟ್ಟರೆ ನಾನು ಸೊಸೆಯಾಗಿ ಬಂದ ಹದಿಮೂರು ವರ್ಷದಲ್ಲಿ ನಾವಿಬ್ಬರೇ ಕೂತು ಏನು ಮಾತಾಡಿದ್ದೆವು ಎಂದು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ಅಂಥವರ ಜೊತೆ ನಾಲ್ಕು ದಿನ ಒಂದೇ ಕೋಣೆಯಲ್ಲಿ ಇರುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಅತ್ತೆ ಒಳಗಿನಿಂದ ಅಂದರು:

"ಹಕ್ಕಿ ನೋಡಾಕ ಅಷ್ಟು ದೂರ ಯಾಕ ಹೋಗಬೇಕೊ? ನಾ ಏಳು ವರ್ಷದಾಕಿ ಇದ್ದಾಗಿಂದ ಅವನ್ನ ಓಡಸೂದ ಕೆಲಸ ಮಾಡೀನಿ. ನೋಡಿ ನೋಡಿ ಸಾಕಾಗ್ಯಾದ."

ಅದು ನಿಜವೇ. ಜೋಳ ತೆನೆ ಹಿಡಿದಾಗ ಹೊಲದ ನಡುವೆ ಕಟ್ಟಿದ ಅಟ್ಟದ ಮೇಲೆ ನಿಂತು, ಕವಣಿಯಲ್ಲಿ ಕಲ್ಲು ಬೀಸುತ್ತ, ಡಬ್ಬಿ ಬಡಿಯುತ್ತ ಹಕ್ಕಿ ಕಾಯುವುದು ಅವರ ಬಹುಕಾಲದ ಕೆಲಸವಾಗಿತ್ತು. ಮಗ ದುರ್ಬೀನು ಕೊಂಡು ತಂದ ದಿನ, "ನಾ ಹೊಡದು ಓಡಿಸಿದ್ದನ್ನ ಇಂವ ಹುಡುಕಿಕೊಂಡು ಹೋಗ್ತಾನ" ಎಂದು ನಕ್ಕಿದ್ದರಂತೆ. ಆದರೂ ಮರುದಿನ ಬೆಳಿಗ್ಗೆ ನೋಡಿದರೆ ಅವರು ವಾರವಾದರೂ ಕೆಡದ ಕಟಕ ರೊಟ್ಟಿ ಬಡಿಯುತ್ತ ಕೂತಿದ್ದರು. ನಂಚಿಕೊಳ್ಳುವ ಶೇಂಗಾ ಹಿಂಡಿ ಆಗಲೇ ಡಬ್ಬಿ ಸೇರಿತ್ತು.

"ಅಲ್ಲಿ ಮೂರು ಹೊತ್ತೂ ಅನ್ನ ಹಾಕ್ತಾರಂತ" ಎಂದಷ್ಟೇ ಹೇಳಿದರು. ಬರುತ್ತೇನೆ ಎನ್ನುವುದನ್ನು ಅವರು ಹೇಳಿದ್ದು ಹಾಗೆ.

ಅಲ್ಲಿಯವರೆಗೆ ಅವರು ಮಾಡಿದ ದೂರದ ಪ್ರಯಾಣಗಳೆಂದರೆ ನೆರೆಯವರ ಜೊತೆ ಕೊಡೇಕಲ್ಲಿಗೆ ಒಂದು ಸಲ, ಕಲಬುರ್ಗಿ ದವಾಖಾನೆಗೆ ಎರಡು ಸಲ. ನಾವು ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಶಿರಸಿ ದಾಟಿ ಘಟ್ಟ ಇಳಿದೆವು. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅತ್ತೆ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಕಿಟಕಿಯ ಹೊರಗೆ ಎಲ್ಲಿ ನೋಡಿದರೂ ಗಿಡವೇ. ಬಹಳ ಹೊತ್ತು ನೋಡಿ, "ಇಲ್ಲಿ ಮಂದಿ ಹೊಲ ಎಲ್ಲಿ ಇಟ್ಟಾರ?" ಎಂದು ಕೇಳಿದರು. ನನಗೆ ನಗು ಬಂತು.

ನಾವು ಇಳಿದುಕೊಂಡ ಮನೆಯೊಡತಿ ನಡುವಯಸ್ಸಿನ ಹೆಂಗಸು. ಬಂದ ಅತಿಥಿಗಳನ್ನು ಬೆಳಿಗ್ಗೆ ತಾನೇ ಕಾಂಡ್ಲಾ ಕಾಡಿನೊಳಗೆ ಕರೆದುಕೊಂಡು ಹೋಗಿ ಹಕ್ಕಿ ತೋರಿಸುವವರು. ಮರುದಿನ ಬೆಳಿಗ್ಗೆ ನಮ್ಮ ಜೊತೆ ಇನ್ನೊಬ್ಬರು ಇದ್ದರು, ಬೆಂಗಳೂರಿನ ಕಡೆಯವರು. ಮೊಳದುದ್ದದ ಲೆನ್ಸು ಹಾಕಿದ ಕ್ಯಾಮೆರಾ, ಮೈಮೇಲೆ ಎಲೆ ಬಣ್ಣದ ಅಂಗಿ, ತಲೆಗೆ ಅದೇ ಬಣ್ಣದ ಟೋಪಿ. ಅತ್ತೆ ತಮ್ಮ ಕೆಂಪು ಸೀರೆಯಲ್ಲೇ ಇದ್ದರು. ಮನೆಯೊಡತಿ ಸೀರೆಯನ್ನು ಒಮ್ಮೆ ನೋಡಿ ಎಲ್ಲರ ಕಡೆ ತಿರುಗಿದರು. "ಮಾತಾಡಬಾರದು, ಮೆಲ್ಲ ಮೆಲ್ಲ ಹೆಜ್ಜೆ ಇಡಬೇಕು, ಅಷ್ಟೇ" ಎಂದರು.

ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ದಾರಿ ಹಾಕಿದ್ದರು. ಕೆಳಗೆ ಕೆಸರು. ಗಿಡಗಳ ಬೇರುಗಳು ನೆಲದೊಳಗೆ ಇರುವ ಬದಲು ಕಾಂಡದಿಂದ ಕಮಾನಿನ ಹಾಗೆ ಹೊರಬಂದು ಕೆಸರಿಗೆ ಇಳಿದಿದ್ದವು. ಆ ಬೇರುಗಳ ಸಂದಿಯಲ್ಲಿ ಸಣ್ಣ ಸಣ್ಣ ಏಡಿಗಳು ಓಡಾಡುತ್ತಿದ್ದವು. ಎಲೆಗಳ ಮೇಲೆ ಉಪ್ಪಿನ ಕಣ. ಅತ್ತೆ ಒಂದು ಎಲೆಯನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡು ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ನಾನೂ ಹಾಗೆಯೇ ಮಾಡಿದೆ. ಇಬ್ಬರೂ ಸದ್ದಿಲ್ಲದೆ ನಕ್ಕೆವು.

ದಾರಿಯ ಕೊನೆಯಲ್ಲಿ ಗಿಡಗಳು ಮುಗಿದು ನದಿಯ ಬಯಲು ತೆರೆಯುತ್ತಿತ್ತು. ಸಮುದ್ರದ ಇಳಿತಕ್ಕೆ ನೀರು ತಗ್ಗಿದ ಹೊತ್ತು. ಕೆಸರು ಬಯಲಿನ ಮೇಲೆ ನೂರಾರು ಸಣ್ಣ ಹಕ್ಕಿಗಳು ತಲೆ ತಗ್ಗಿಸಿಕೊಂಡು ಮೇಯುತ್ತಿದ್ದವು. ಕ್ಯಾಮೆರಾದವರು ಹಲಗೆಯ ಮೇಲೆ ಹೊಟ್ಟೆಯ ಮೇಲೆ ಮಲಗಿ ಅರ್ಧ ತಾಸು ಅಲುಗಾಡದೆ ಕಾದರು. ಹಕ್ಕಿಗಳು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿದ್ದವು. ಅಷ್ಟರಲ್ಲಿ ಆಚೆ ದಂಡೆಯಿಂದ ಇನ್ನೊಂದು ಹಿಂಡು ಎದ್ದಿತು. ಆಕಾಶದಲ್ಲಿ ಒಂದು ಸುತ್ತು ಹಾಕಿ, ಎಲ್ಲವೂ ಒಮ್ಮೆಗೇ ಹೊರಳಿ, ಬಿಳಿ ಹೊಟ್ಟೆ ಹೊಳೆಸುತ್ತ ನಮ್ಮ ಮುಂದಿನ ಬಯಲಿಗೆ ಇಳಿಯತೊಡಗಿತು.

"ಹೋಯ್! ಹಾ! ಹಾ! ಹಾ!"

ಚಪ್ಪಾಳೆ ಎರಡು ಸಲ, ಕೋವಿ ಹಾರಿಸಿದ ಹಾಗೆ. ಅದು ನಮ್ಮ ಅತ್ತೆಯ ದನಿ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. ಇಳಿಯುತ್ತಿದ್ದ ಹಿಂಡು ಮೇಲೇರಿತು. ಕೆಳಗೆ ಮೇಯುತ್ತಿದ್ದವೂ ಎದ್ದವು. ಗಿಡಗಳಲ್ಲಿ ಕೂತಿದ್ದ ಬೆಳ್ಳಕ್ಕಿ, ಕೊಕ್ಕರೆ, ನಾವು ನೋಡಿಯೇ ಇರದ ಏನೇನೋ ಎಲ್ಲ ಹಾರಿ ನದಿಯ ಆಚೆಗೆ ಹೋದವು. ಬಯಲು ಖಾಲಿಯಾಯಿತು.

ಕ್ಯಾಮೆರಾದವರು ಎದ್ದು ನಿಂತರು. ಅವರ ಅಂಗಿಯ ಮುಂಭಾಗವೆಲ್ಲ ಕೊಳೆಯಾಗಿತ್ತು. "ಯಾರ್ರೀ ಇವರನ್ನ ಕರ್ಕೊಂಡು ಬಂದಿದ್ದು? ಅರ್ಧ ಗಂಟೆಯಿಂದ ಕಾಯ್ತಾ ಇದೀನಿ ನಾನು! ಅಷ್ಟೂ ಗೊತ್ತಾಗಲ್ವಾ?"

ಅತ್ತೆ ಎರಡೂ ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡು ನಿಂತಿದ್ದರು. ನಾನು ಅವರ ಪರವಾಗಿ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಕ್ಯಾಮೆರಾದವರ ಕ್ಷಮೆ ಕೇಳಿ, ಅತ್ತೆಯ ತೋಳು ಹಿಡಿದು ಹಲಗೆಯ ದಾರಿಯುದ್ದಕ್ಕೂ ದರದರ ಎಳೆದುಕೊಂಡು ನಡೆದೆ. ಕೋಣೆಗೆ ಬಂದು ಬಾಗಿಲು ಹಾಕಿ ಅಂದೆ, "ನಿಮ್ಮನ್ನ ಕರಕೊಂಡು ಬಂದದ್ದ ತಪ್ಪಾತು ನೋಡ್ರಿ. ಮಂದಿಯೊಳಗ ಮಾನ ಹೋತು."

ಹದಿಮೂರು ವರ್ಷದಲ್ಲಿ ನಾನು ಅವರಿಗೆ ದನಿ ಏರಿಸಿದ್ದು ಅದೇ ಮೊದಲು. ಅವರು ಸೆರಗು ಹೊದ್ದುಕೊಂಡರು. ಜಗಲಿಗೆ ಹೋಗಿ ಕಂಬಕ್ಕೆ ಒರಗಿ ಕೂತರು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದು ತಲೆಯಾಡಿಸಿದರು. ತಂದ ರೊಟ್ಟಿಯನ್ನೂ ಮುಟ್ಟಲಿಲ್ಲ. ಮನೆಯೊಡತಿ ಎಳನೀರು ತಂದು ಇಟ್ಟಿದ್ದು ಸಂಜೆಯವರೆಗೂ ಹಾಗೆಯೇ ಇತ್ತು.

ಸಂಜೆ ನಾಲ್ಕರ ಸುಮಾರಿಗೆ ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರೇ ಶುರು ಮಾಡಿದರು.

"ನಾ ಬೇಕಂತ ಮಾಡಿಲ್ಲ ಯವ್ವಾ. ಕೈ ತಾವ ಎದ್ದುವು."

"ಗೊತ್ತದರಿ ಅತ್ತಿ."

"ನಿನಗ ಗೊತ್ತಿಲ್ಲ." ಅವರು ನದಿಯ ಕಡೆ ನೋಡುತ್ತಲೇ ಹೇಳಿದರು. "ಹತ್ತು ವರ್ಷದಾಕಿ ಇದ್ದೆ. ಮೈಯಾಗ ಜ್ವರ ಇದ್ದವು. ಅಟ್ಟದ ಮ್ಯಾಲ ನಿಂತಾಕಿ ಕುಂತೆ, ಕುಂತಾಕಿ ಮಲಗಿಬಿಟ್ಟೆ. ಎಚ್ಚರ ಆಗೂದ್ರಾಗ ಹಿಂಡು ಇಳದು ಒಂದು ಪಟ್ಟಿ ತೆನಿ ಬರಿ ದಂಟು ಮಾಡಿ ಹೋಗಿದ್ದುವು. ನನಗ ಹೊಡದಿದ್ರ ಚಿಂತಿ ಇರಲಿಲ್ಲ. ಹೊಲದ ಮಾಲಕ ನಮ್ಮವ್ವನ್ನ ಕಣದಾಗ ಮಂದಿ ಮುಂದ ನಿಲ್ಲಿಸಿ ಬೈದಾ. ಆಕಿ ತಲಿ ಕೆಳಗ ಹಾಕಿ ನಿಂತಿದ್ಲು. ಈಗೂ ಹಿಂಡು ಇಳಿಯೂದು ಕಂಡ್ರ ನನ್ನ ಎದಿ ಝಲ್ ಅಂತದ."

ಬೆಳಿಗ್ಗೆ ಅವರು ಬಾಯಿ ಮುಚ್ಚಿಕೊಂಡು ನಿಂತ ರೀತಿ, ನಾನು ತೋಳು ಹಿಡಿದು ಎಳೆದುಕೊಂಡು ಬಂದ ರೀತಿ, ಎರಡೂ ಕಣ್ಣ ಮುಂದೆ ಬಂದವು. ಈ ಕಥೆಯನ್ನು ಅವರು ತಮ್ಮ ಮಗನಿಗೂ ಹೇಳಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

"ತಪ್ಪಾತ್ರಿ ಅತ್ತಿ. ನಾ ಹಂಗ ಅನಬಾರದಿತ್ತು."

ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಎದ್ದರು. ಎದ್ದು ನಿಲ್ಲಲು ಅವರಿಗೆ ಯಾವಾಗಲೂ ಏನಾದರೊಂದು ಆಸರೆ ಬೇಕು. "ಹೋಗ್ಲಿ ಬಿಡು. ಆ ರೊಟ್ಟಿ ಗಂಟು ಬಿಚ್ಚು, ಹೊಟ್ಟಿ ಹಸದದ."

ಮರುದಿನ ನಡಿಗೆಗೆ ಬರಲಾರೆ ಎಂದು ಅವರು ಖಡಾಖಂಡಿತ ಹೇಳಿದರು. ಆ ಕ್ಯಾಮೆರಾದವರ ಮುಖ ನೋಡಲು ನನಗೂ ಮನಸ್ಸಿರಲಿಲ್ಲ. ಮನೆಯೊಡತಿಗೆ ನಮ್ಮ ಸಂಕಟ ತಿಳಿಯಿತೆಂದು ಕಾಣುತ್ತದೆ. "ನೀವಿಬ್ರೇ ದೋಣಿಯಲ್ಲಿ ಹೋಗಿ" ಎಂದು ನೆರೆಮನೆಯ ದೋಣಿಯವರನ್ನು ಕರೆಸಿದರು. ಅವರಿಗೂ ಅರವತ್ತು ದಾಟಿರಬೇಕು. ಮೊದಲು ಮೀನಿಗೆ ಹೋಗುತ್ತಿದ್ದವರು, ಈಗ ದಂಡೆಯಲ್ಲಿ ಸಾರಿಗಾಗುವ ಚಿಪ್ಪು ಆಯುತ್ತ, ಯಾರಾದರೂ ಕೇಳಿದರೆ ಹೀಗೆ ದೋಣಿ ನಡೆಸುತ್ತ ಇದ್ದರು.

ಅತ್ತೆ ದೋಣಿಯಲ್ಲಿ ಕೂತದ್ದೇ ಕಣ್ಣು ಮುಚ್ಚಿ ಬುದ್ಧಂ ಸರಣಂ ಎಂದು ತ್ರಿಸರಣ ಹೇಳತೊಡಗಿದರು. ನಮ್ಮ ಮನೆಯಲ್ಲಿ ಅದನ್ನು ಬೆಳಿಗ್ಗೆ ಒಮ್ಮೆ ಹೇಳುವ ರೂಢಿ. ಅವತ್ತು ಅವರು ದಂಡೆ ಬಿಟ್ಟ ಮೇಲೆ ಎಷ್ಟು ಸಲ ಹೇಳಿದರೋ.

"ಎಂತ ಅಮ್ಮ, ಹೆದರಿಕೆ ಆಗ್ತದಾ?" ದೋಣಿಯವರು ಕೇಳಿದರು.

"ಹೆದರಿಕಿ ಅಲ್ಲಪ್ಪಾ, ನೀರು ಜರಾ ಜಾಸ್ತಿ ಅದಾವ."

ದೋಣಿಯವರು ಹುಟ್ಟು ಹಾಕುವುದನ್ನು ಬಿಟ್ಟು ನಕ್ಕರು. ಅಲ್ಲಿಂದ ಅವರಿಬ್ಬರ ಮಾತು ನಿಲ್ಲಲಿಲ್ಲ. ಅವರ ಮಾತು ಅತ್ತೆಗೆ ಅರ್ಧ ತಿಳಿಯುತ್ತಿತ್ತು, ಅತ್ತೆಯ ಮಾತು ಅವರಿಗೆ ಅರ್ಧ. ಆದರೂ ಅವರ ಹೆಂಡತಿಯ ಮೊಣಕಾಲು ನೋವು, ಅದಕ್ಕೆ ಹಚ್ಚುವ ಎಣ್ಣೆ, ಜೋಳದ ಬೆಳೆ, ಚಿಪ್ಪಿನ ಸಾರು ಎಲ್ಲವೂ ಬಂದು ಹೋದವು.

ನದಿಯ ನಡುವಿನ ಒಂದು ಕೆಸರು ದಿಣ್ಣೆಯ ಹತ್ತಿರ ದೋಣಿ ನಿಂತಿತು. ಅಲ್ಲಿ ನಿನ್ನೆಯಂಥದೇ ಸಣ್ಣ ಹಕ್ಕಿಗಳ ಹಿಂಡು. ಅತ್ತೆಯ ಬೆರಳುಗಳು ಸೆರಗಿನ ತುದಿಯನ್ನು ಸುತ್ತಿಕೊಂಡು ಬಿಗಿಯಾದದ್ದನ್ನು ನಾನು ನೋಡಿದೆ. ನಾನು ನನ್ನ ಕೈಯನ್ನು ಅವರ ಕೈಯ ಮೇಲಿಟ್ಟೆ.

ಅವರು ಪಿಸುಗುಟ್ಟಿದರು, "ಇವು ಏನ್ ತಿಂತಾವ?"

"ಕೆಸರಾಗಿನ ಹುಳ. ಸಣ್ಣ ಸಣ್ಣ ಏಡಿ" ಎಂದೆ.

"ಕಾಳು?"

"ಇಲ್ರಿ. ಕಾಳು ಮುಟ್ಟಂಗಿಲ್ಲ."

"ಯಾರ ಹೊಲಕ್ಕೂ ಇಳಿಯಂಗಿಲ್ಲ?"

"ಇಲ್ಲ. ಭಾಳ ದೂರದಿಂದ ಬರ್ತಾವಂತ, ಹಿಮ ಬೀಳೂ ದೇಶದಿಂದ. ಛಳಿಗಾಲ ಮುಗಿಯೂತನಾ ಇಲ್ಲೇ ಕೆಸರಾಗ ಇರ್ತಾವ."

"ಹಂಗಾದ್ರ ಇವನ್ನ ಯಾರೂ ಓಡಸಂಗಿಲ್ಲ."

"ಯಾರೂ ಓಡಸಂಗಿಲ್ರಿ."

ಅವರು ಸೆರಗು ಬಿಟ್ಟರು. ದೋಣಿಯವರು ಮುಂದೆ ಹೋಗೋಣವೇ ಎಂದು ನನ್ನನ್ನು ಕಣ್ಣಿನಲ್ಲೇ ಕೇಳಿದರು. ನಾನು ಬೇಡ ಎಂದೆ. ಅತ್ತೆ ಎಷ್ಟೋ ಹೊತ್ತು ಆ ಹಕ್ಕಿಗಳನ್ನು ನೋಡಿದರು. ಹಿಂಡಿನ ಅಂಚಿನಲ್ಲಿ ಒಂದು ಹಕ್ಕಿ ಮೇಯದೆ ತಲೆ ಎತ್ತಿ ನಿಂತಿತ್ತು. "ಅದು ಕಾವಲಿಂದು" ಎಂದರು. "ಎಲ್ಲಾ ಹಿಂಡಿನಾಗೂ ಒಂದು ಇರ್ತದ. ಅದರ ಹೊಟ್ಟಿ ಯಾವಾಗ ತುಂಬತದೊ." ಅವರು ಹಾಗೆ ಹೇಳುತ್ತಿರುವಾಗಲೇ ಅದು ತಲೆ ತಗ್ಗಿಸಿತು, ಇನ್ನೊಂದು ತಲೆ ಎತ್ತಿತು. "ಪಾಳಿ ಅದ ನೋಡು ಇವಕ್ಕ!" ಎಂದು ನನ್ನ ತೊಡೆಗೆ ತಟ್ಟಿದರು.

ಅಲ್ಲಿಂದ ದೋಣಿ ಕಾಂಡ್ಲಾ ಗಿಡಗಳ ನಡುವಿನ ಒಂದು ಇಕ್ಕಟ್ಟಾದ ಕಾಲುವೆಗೆ ತಿರುಗಿತು. ನಾನು ನಮ್ಮ ಮನೆಯವರು ಹೇಳಿದ್ದ ಮಿಂಚುಳ್ಳಿಯ ವಿಷಯ ತೆಗೆದೆ. ಕರಿತಲೆ, ಕೆಂಪು ಕೊಕ್ಕು, ನೇರಳೆ ನೀಲಿ ಬೆನ್ನು. ದೋಣಿಯವರು, "ನಾವು ಎಲ್ಲದಕ್ಕೂ ಮೀನುಹಕ್ಕಿ ಅಂತಲೇ ಹೇಳೂದು. ಈ ಸಂದಿಯಲ್ಲಿ ಇರ್ತದೆ, ಆದರೆ ಕಾಣಿಸಿಕೊಳ್ಳೂದು ಕಡಿಮೆ" ಎಂದರು. ನಾನು ದುರ್ಬೀನು ಹಿಡಿದು ಒಂದೊಂದೇ ಕೊಂಬೆ ಹುಡುಕುತ್ತಿದ್ದೆ. ಎಲೆ ಬಿಟ್ಟರೆ ಏನೂ ಕಾಣಲಿಲ್ಲ.

ಅತ್ತೆ ಕೊಂಬೆಗಳನ್ನು ನೋಡುತ್ತಲೇ ಇರಲಿಲ್ಲ. ಅವರ ದೃಷ್ಟಿ ಕೆಳಗಿತ್ತು. "ಆ ಬೇರು ನೋಡು" ಎಂದರು. "ಮ್ಯಾಲ ಬೆಳ್ಳಗ ಹಿಕ್ಕಿ ಬಿದ್ದಾವ. ಬಾಜೂಕಿನ ಬೇರಿನ ಮ್ಯಾಲ ಒಂದೂ ಇಲ್ಲ. ಯಾವುದೊ ಒಂದು ದಿನಾ ಅಲ್ಲೇ ಬಂದು ಕುಂದರತದ."

"ಕೊಕ್ಕರಿ ಇರಬಹುದ್ರಿ."

"ಕೊಕ್ಕರಿ ಭಾರ ಆ ಸಣ್ಣ ಬೇರು ತಡಿಯಂಗಿಲ್ಲ. ಸಣ್ಣದ ಇರಬೇಕು. ಇಲ್ಲೇ ನಿಲ್ಲಸ್ರಿ ಯಣ್ಣಾ, ಬರ್ತದ."

ದೋಣಿಯವರು ಎದುರು ದಂಡೆಯ ಒಂದು ಗಿಡಕ್ಕೆ ಹಗ್ಗ ಸುತ್ತಿದರು. ನಾವು ಕಾಯತೊಡಗಿದೆವು. ಹತ್ತು ನಿಮಿಷಕ್ಕೆ ನನ್ನ ಸೊಂಟ ನೋಯತೊಡಗಿತು. ಅರ್ಧ ತಾಸಿಗೆ ಕಾಲು ಜೋಮು ಹಿಡಿಯಿತು. ಸೊಳ್ಳೆ ಕಚ್ಚಿದಾಗಲೆಲ್ಲ ನಾನು ಕೈಯಾಡಿಸುತ್ತಿದ್ದೆ, ಅತ್ತೆ ಕಣ್ಣಿನಲ್ಲೇ ಗದರಿಸುತ್ತಿದ್ದರು. ಅವರು ಮಾತ್ರ ಕೂತ ಹಾಗೆ ಕೂತಿದ್ದರು. ಮೊಣಕಾಲು ನೋವಿನ ಹೆಂಗಸು, ಮನೆಯಲ್ಲಿ ತಾಸಿಗೆ ನಾಲ್ಕು ಸಲ ಒಳಗೆ ಹೊರಗೆ ಓಡಾಡುವವರು, ಇಲ್ಲಿ ಉಸಿರಾಡುತ್ತಾರೋ ಇಲ್ಲವೋ ಎನ್ನುವ ಹಾಗೆ ಇದ್ದರು. ಅಟ್ಟದ ಮೇಲೆ ಐವತ್ತು ವರ್ಷ ಕಳೆದವರಿಗೆ ಕೂಗುವುದಷ್ಟೇ ಅಲ್ಲ, ಸುಮ್ಮನಿರುವುದೂ ಬರುತ್ತದೆ ಎಂದು ನನಗೆ ಹೊಳೆದದ್ದು ಆಗ. ನೀರು ಇಳಿಯುತ್ತ ಇಳಿಯುತ್ತ ಬೇರುಗಳು ಒಂದೊಂದು ಗೇಣು ಉದ್ದವಾಗುತ್ತಿದ್ದವು.

ಅದು ಬಂದದ್ದು ನನಗೆ ಕಾಣಲಿಲ್ಲ. ಅತ್ತೆಯ ಬೆರಳು ನನ್ನ ಮಣಿಕಟ್ಟಿನ ಮೇಲೆ ಬಿತ್ತು, ನಾನು ನೋಡಿದೆ, ಬೇರಿನ ಮೇಲೆ ಹಕ್ಕಿ ಇತ್ತು. ಕರಿ ಟೋಪಿ ಹಾಕಿದಂಥ ತಲೆ, ಕೊರಳಿಗೆ ಬಿಳಿ ಪಟ್ಟಿ, ಹವಳದ ಬಣ್ಣದ ದಪ್ಪ ಕೊಕ್ಕು. ಬೆನ್ನಿನ ನೀಲಿಯನ್ನು ಯಾವುದಕ್ಕೆ ಹೋಲಿಸಬೇಕೋ ನನಗೆ ಇವತ್ತಿಗೂ ತಿಳಿಯದು. ನಾನು ದುರ್ಬೀನನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ತಿರುವುಮುರುವಾಗಿ ಹಿಡಿದರು. ಸರಿ ಮಾಡಿ ಕೊಟ್ಟೆ. ಒಂದು ಕ್ಷಣ ನೋಡಿದವರು ಬೆಚ್ಚಿ ತಲೆ ಹಿಂದೆ ತೆಗೆದರು, ಹಕ್ಕಿ ಮೂಗಿನ ಮುಂದೆ ಬಂದಿತೆನ್ನುವ ಹಾಗೆ. ಮತ್ತೆ ಹಚ್ಚಿ ನೋಡಿದರು.

ಹಕ್ಕಿ ಕೆಸರಿಗೆ ಇಳಿದು ಒಂದು ಏಡಿಯನ್ನು ಹಿಡಿಯಿತು. ಬೇರಿಗೆ ವಾಪಸಾಗಿ ಅದನ್ನು ಎರಡು ಸಲ ಬಡಿದು ನುಂಗಿತು. ಕಾಲುವೆಯುದ್ದಕ್ಕೂ ನೀಲಿ ಗೆರೆ ಎಳೆದಂತೆ ಹಾರಿಹೋಯಿತು. ಅತ್ತೆ ದುರ್ಬೀನು ಇಳಿಸಿದಾಗ ಅವರ ಕಣ್ಣಿನ ಸುತ್ತ ಎರಡು ದುಂಡನೆಯ ಗುರುತು ಬಿದ್ದಿದ್ದವು.

"ಎಷ್ಟ್ ಛಂದ ಅದ ಯವ್ವಾ" ಎಂದರು. ಆಮೇಲೆ ದೋಣಿಯವರ ಕಡೆ ತಿರುಗಿ, "ನೀವು ದಿನಾ ನೋಡತೀರಿ, ಪುಣ್ಯವಂತರು" ಎಂದರು.

"ದಿನಾ ಈ ದಾರಿಯಲ್ಲೇ ಹೋಗ್ತೇನೆ ಅಮ್ಮ. ಹೀಗೆ ಕೂತು ನೋಡಿದ್ದು ಇವತ್ತೇ" ಎಂದರು ಅವರು.

ದಂಡೆಗೆ ಬಂದ ಕೂಡಲೇ ಮಗನಿಗೆ ಫೋನು ಹಚ್ಚಿಸಿಕೊಂಡರು. ಫೋಟೊ ತೆಗೆದಿಲ್ಲ ಎಂದು ಕೇಳಿ ನಮ್ಮ ಮನೆಯವರ ದನಿ ಸಪ್ಪಗಾಯಿತು. "ಖರೇನ ಅದೇ ಹಕ್ಕೀನವ್ವಾ? ಎದಿ ಬಣ್ಣ ಏನಿತ್ತು?"

"ಎದಿ ಬೆಳ್ಳಗ, ಹೊಟ್ಟಿ ಕೆಳಗ ಇಟ್ಟಂಗಿ ಬಣ್ಣ. ನೀ ನನ್ನ ಪರೀಕ್ಷಾ ತಗೋಬ್ಯಾಡ" ಎಂದು ಫೋನನ್ನು ನನ್ನ ಕೈಗೆ ತುರುಕಿದರು. ಆ ಕಡೆಯಿಂದ ಅವರು ನಗುತ್ತಿದ್ದರು. ನನಗೆ ಮಾತ್ರ ಅವರು ಪಾಪ ಎನಿಸಿತು. ಎರಡು ವರ್ಷ ಕಾದದ್ದು ಅವರು, ನೋಡಿದ್ದು ನಾವು.

ಸುದ್ದಿ ದೋಣಿಯವರಿಂದ ಮನೆಯೊಡತಿಗೆ, ಅವರಿಂದ ಕ್ಯಾಮೆರಾದವರಿಗೆ ತಲುಪಿತು. ಸಂಜೆ ಅವರು ಜಗಲಿಗೆ ಬಂದು ನಿಂತರು. ಟೋಪಿ ಕೈಯಲ್ಲಿತ್ತು. "ಅಜ್ಜಿ, ನಿನ್ನೆ ಸ್ವಲ್ಪ ಜೋರಾಗಿ ಮಾತಾಡಿಬಿಟ್ಟೆ" ಎಂದರು. ಅತ್ತೆ ಅವರಿಗೆ ಯಾವ ಕಾಲುವೆ, ಯಾವ ಬೇರು, ನೀರು ಎಷ್ಟು ಇಳಿದಾಗ ಎಂದು ಕೈಸನ್ನೆ ಮಾಡಿ ವಿವರಿಸಿದರು. ಮರುದಿನ ಅವರು ಹೋಗಿ ಮೂರು ತಾಸು ಕಾದರಂತೆ. ಹಕ್ಕಿ ಬರಲಿಲ್ಲ. ಬಿಸಿಲಿಗೆ ಕೆಂಪಾಗಿ ವಾಪಸಾದವರಿಗೆ ಅತ್ತೆ ಒಂದು ರೊಟ್ಟಿ ಮುರಿದು ಹಿಂಡಿ ಹಾಕಿ ಕೊಟ್ಟರು. "ಅವು ನಮ್ಮ ಹೇಳಿಕಿ ಕೇಳಂಗಿಲ್ಲಪ್ಪಾ" ಎಂದು ಸಮಾಧಾನ ಮಾಡಿದರು. ಅವರು ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ಎರಡನೆಯ ರೊಟ್ಟಿ ಕೇಳಿದರು.

ಕೊನೆಯ ಸಂಜೆ ನಾವಿಬ್ಬರೂ ರಿಕ್ಷಾ ಹಿಡಿದು ಸಮುದ್ರದ ದಂಡೆಗೆ ಹೋದೆವು. ಅತ್ತೆ ಮರಳಿನಲ್ಲಿ ಚಪ್ಪಲಿ ಬಿಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನನ್ನ ಕೈ ಹಿಡಿದು ನೀರಿಗೆ ಇಳಿದರು. ಮೊದಲ ತೆರೆಗೆ ಚೀರಿದರು, ಎರಡನೆಯದಕ್ಕೆ ನಕ್ಕರು. ಹಿಂದೆ ಸರಿಯುವ ನೀರು ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತಿದ್ದಾಗ, "ನೆಲಾನ ಹೊಂಟದಲ್ಲೊ!" ಎಂದು ನನ್ನನ್ನು ಇನ್ನೂ ಬಿಗಿಯಾಗಿ ಹಿಡಿದರು. ಅವರ ಅಂಗೈ ಎಷ್ಟು ಒರಟು ಎಂದು ನನಗೆ ಗೊತ್ತೇ ಇರಲಿಲ್ಲ. ಇಬ್ಬರೂ ಸೊಂಟದವರೆಗೆ ತೊಯ್ದು, ರಿಕ್ಷಾದವರು ಸೀಟಿನ ಮೇಲೆ ಪೇಪರು ಹಾಸಿಕೊಟ್ಟ ಮೇಲೆ ಕೂತು ಬಂದೆವು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಈಗ ಭಾನುವಾರ ಬೋನಾಳಕ್ಕೆ ಹೋಗುವಾಗ ಗಾಡಿಯ ಹಿಂದಿನ ಸೀಟು ಅತ್ತೆಯದು. ಗಾಡಿಯ ಮೇಲೆ ಅಷ್ಟು ದೂರ ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ತಾಯಿ ಮಗನಿಗೆ ಹಕ್ಕಿಗಳ ಹೆಸರಿನ ಮೇಲೆ ಜಗಳ. ಮಗ ಪುಸ್ತಕದ ಹೆಸರು ಹೇಳಿದರೆ ಅತ್ತೆ ಸಗರದಲ್ಲಿ ಕರೆಯುತ್ತಿದ್ದ ಹೆಸರು ಹೇಳುತ್ತಾರೆ. ನಾನು ಪೇಪರು ತಿದ್ದುತ್ತ ಮನೆಯಲ್ಲಿ ಉಳಿಯುತ್ತೇನೆ. ಅವರು ಬಂದ ಮೇಲೆ ಅತ್ತೆಯಿಂದ ಎಲ್ಲವನ್ನೂ ಕೇಳಬೇಕು, ಇಲ್ಲದಿದ್ದರೆ ಬಿಡುವುದಿಲ್ಲ.

ಹೋದ ವಾರ ನಾನು ರೊಟ್ಟಿಗೆಂದು ಕಟ್ಟೆಯ ಮೇಲೆ ಹಿಟ್ಟು ಹರಡಿಕೊಂಡು ನಿಂತಿದ್ದೆ. ಅತ್ತೆ ಚಪ್ಪಲಿ ಬಿಟ್ಟವರೇ ನೇರ ಒಳಗೆ ಬಂದರು. "ಇವತ್ತೊಂದು ಬಂದಿತ್ತು ನೋಡು, ಅದರ ಮೂಗು ಹಿಂಗಿತ್ತು" ಎಂದು ಹಿಟ್ಟಿನಲ್ಲಿ ಬೆರಳಿನಿಂದ ಒಂದು ಉದ್ದನೆಯ ಬಾಗಿದ ಕೊಕ್ಕು ಎಳೆದರು. ಸಾಲಲಿಲ್ಲವೆಂದು ಅದಕ್ಕೊಂದು ತಲೆ, ಒಂದು ಕಣ್ಣು, ಎರಡು ಉದ್ದ ಕಾಲು. ಕೈ ತೊಳೆಯಲು ಬಚ್ಚಲಿಗೆ ಹೋಗುತ್ತ ಅಲ್ಲಿಂದಲೂ ಮಾತು ಮುಂದುವರಿಸಿದರು. ಆ ಹಕ್ಕಿಯ ಮೇಲೆ ರೊಟ್ಟಿ ಬಡಿಯಲು ನನಗೆ ಕೈ ಬರಲಿಲ್ಲ. ಒಲೆ ಹಚ್ಚಿ ಅನ್ನಕ್ಕೆ ಇಟ್ಟೆ.